ಅವಳ ಕೈಯಿದ್ದ ನಾಣ್ಯ

ಮಾರ್ಚ್ ೧೧, ಮಂಗಳವಾರ.

ಸೊಸೆಗೆ ಬುದ್ಧಿ ಇಲ್ಲ. ನನ್ನ ಡಬ್ಬಿಯಲ್ಲಿದ್ದ ಹಳೆಯ ನಾಣ್ಯವನ್ನು ಬ್ರೆಡ್ಡಿಗೆ ಕೊಟ್ಟು ಬಂದಿದ್ದಾಳೆ. ಅದರ ಮೇಲಿದ್ದದ್ದು ನನ್ನವಳ ಕೈ.

ನಾನು ಟಂಕಸಾಲೆಯಲ್ಲಿ ನಾಣ್ಯದ ಅಚ್ಚು ಕೆತ್ತುತ್ತಿದ್ದ ಕಾಲ. ತೆನೆ ಹಿಡಿದ ಕೈ ಬೇಕೆಂದರು. ಅವಳನ್ನೇ ಕೂರಿಸಿ, ಬಲಗೈ ನೋಡಿಕೊಂಡು ಕೆತ್ತಿದೆ. ಅಚ್ಚಿನಲ್ಲಿ ಎಲ್ಲವನ್ನೂ ತಿರುಗಿಸಿ ಕೆತ್ತಬೇಕು, ಮರೆತೆ. ನಾಣ್ಯದ ಮೇಲೆ ಎಡಗೈ ಬಂತು. ಅಷ್ಟು ದೊಡ್ಡ ಸಾಹೇಬರಲ್ಲಿ ಒಬ್ಬನಿಗೂ ಗೊತ್ತಾಗಲಿಲ್ಲ. ಅವಳೊಬ್ಬಳೇ ಹಿಡಿದಳು.

"ಕೈ ಹಿಡಿದೋರಿಗೇ ಯಾವ ಕೈ ಅಂತ ಗೊತ್ತಿಲ್ವಲ್ಲ ರೀ!" ಎಂದು ವಾರವಿಡೀ ನಕ್ಕಳು. ಅವಳು ಹೋಗಿ ಆರು ವರ್ಷ.

ಅಯಸ್ಕಾಂತ ತೆಗೆದುಕೊಂಡು ಅಂಗಡಿಗೆ ಹೋದೆ. ಈಗಿನ ನಾಣ್ಯ ಉಕ್ಕಿನದು, ಮೇಲೆ ಕೈಯೂ ಇಲ್ಲ, ಬರೀ ಅಂಕಿ. ಗಲ್ಲಾಪೆಟ್ಟಿಗೆಯಲ್ಲಿದ್ದ ಅಂಥವೆಲ್ಲ ಅಂಟಿಕೊಂಡು ಮೇಲೆ ಬಂದವು. ತಾಮ್ರ, ನಿಕ್ಕಲ್ ಬೆರೆಸಿದ ಹಳೆಯವು ಐದು ಕೆಳಗೆ ಉಳಿದವು, ಐದರ ಮೇಲೂ ಅದೇ ಕೈ.

"ಇದ್ರಲ್ಲಿ ನಿಮ್ದು ಯಾವುದಜ್ಜ?" ಎಂದ ಅಂಗಡಿಯವನು.

"ಎಲ್ಲಾ ನನ್ನವೇ ಕಣೋ."

"ಹಾಗಾದ್ರೆ ಅಂಗಡೀನೂ ನಿಮ್ದೇ ಬಿಡಿ."

ನನ್ನದು ಡಬ್ಬಿಯಲ್ಲೇ ಇದ್ದದ್ದರಿಂದ ಇನ್ನೂ ಹೊಳೆಯುತ್ತಿತ್ತು. ಪಕ್ಕದ್ದರಲ್ಲಿ ಜನರ ಕೈಯಾಡಿ ಬೆರಳಿನ ಗೆಣ್ಣುಗಳೆಲ್ಲ ಸವೆದು ತೆಳ್ಳಗಾಗಿದ್ದವು. ಆಸ್ಪತ್ರೆಯಲ್ಲಿ ಕೊನೆಗೆ ನಾನು ಹಿಡಿದು ಕೂತಿದ್ದ ಕೈ ಹೀಗೇ ಇತ್ತು.

ಹೊಳೆಯುವುದನ್ನು ಅಲ್ಲೇ ಬಿಟ್ಟು ಈ ಸವೆದದ್ದನ್ನು ತಂದೆ. ಸೊಸೆಗೆ ಹೇಳಿಲ್ಲ, ಇನ್ನೆರಡು ದಿನ ಅವಳನ್ನು ಬೈಯುವುದಿದೆ.

ಎಡಗೈಯಲ್ಲಿ ಇದನ್ನೇ ಹಿಡಿದುಕೊಂಡಿದ್ದೇನೆ. ಬರೆಯುವಾಗ ಪುಸ್ತಕ ಒತ್ತಿಹಿಡಿಯಲು ಇನ್ನೊಂದು ಕೈಯಿಲ್ಲ, ಅಕ್ಷರ ಸೊಟ್ಟಗಾಗುತ್ತಿವೆ. ಆಗಲಿ.