ಗೋಡೆಯ ಮೇಲಿನ ಸಂದು

ಬಸವಕಲ್ಯಾಣ

ಪೂಜ್ಯ ಅಣ್ಣ ಜ್ಞಾನೇಶ್ವರ ಅವರಿಗೆ, ನಮಸ್ಕಾರಗಳು.

ಸಂಗತಿಗಳನ್ನು ಕ್ರಮವಾಗಿ ಬರೆಯುತ್ತೇನೆ.

೧. ಹುಮನಾಬಾದಿನ ಮನೆಯಲ್ಲಿ ನಿಮ್ಮ ಮಗ ಸಂಜುಕುಮಾರ ಹೆಂಡತಿ ಶೀತಲಳನ್ನು ಕಬ್ಬಿಣದ ಸಲಾಕೆಯಿಂದ ಹೊಡೆದು ಕೊಂದನೆಂಬುದು ಆರೋಪ.

೨. ಪಕ್ಕದ ಮನೆಯ ಅಂಬುಬಾಯಿ ತಮ್ಮ ಮಾಳಿಗೆಯಿಂದ ಅದನ್ನು ಕಂಡೆನೆಂದು ಹೇಳಿದ್ದಾರೆ.

೩. ಅಲ್ಲಿಂದ ಕೋಣೆಯ ಒಳಗು ಕಾಣದೆಂದು ನ್ಯಾಯಾಲಯದಲ್ಲಿ ತೋರಿಸಲು, ಆ ಕೋಣೆಯ ಕಂಪ್ಯೂಟರ್ ಮಾದರಿಯನ್ನು ನೀವು ನನ್ನಿಂದ ಮಾಡಿಸಿದಿರಿ.

ಮಾದರಿಯಲ್ಲಿ ಗೋಡೆಯ ಮೇಲ್ತುದಿಯಿಂದ ಹೊರಗಿನ ಬೆಳಕು ಒಳಕ್ಕೆ ಸೋರಿತು. ನಮ್ಮ ಕೆಲಸದಲ್ಲಿ ಇದು ಸಾಮಾನ್ಯ ದೋಷ. ಗೋಡೆಯನ್ನು ಚಾವಣಿಯೊಳಕ್ಕೆ ತುಸು ಎಳೆದರೆ ಬೆಳಕು ನಿಲ್ಲುತ್ತದೆ. ಅಭ್ಯಾಸದಂತೆ ಎಳೆದೆ. ಆದರೆ ಆ ಗೋಡೆ ನಾನು ಅಳೆದದ್ದಕ್ಕಿಂತ ಎತ್ತರವಾಯಿತು. ಹಾಗಾಗಿ ಮತ್ತೆ ಹುಮನಾಬಾದಿಗೆ ಹೋದೆ. ಗೋಡೆ ನಿಜಕ್ಕೂ ಚಾವಣಿಯ ತಗಡನ್ನು ಮುಟ್ಟಿಲ್ಲ. ಅಂಬುಬಾಯಿಯವರ ಮಾಳಿಗೆಯ ಮೇಲೆ ನಿಂತಾಗ, ಆ ಸಂದಿನಿಂದ ನೆಲದ ಮೇಲಿನ ರಕ್ತದ ಕಲೆ ನನಗೂ ಕಂಡಿತು.

ಅವರೆಂದರು: “ಆಕಿ ಕೈ ಮುಗದ್ಳರಿ. ಅಂವ ಆ ಕೈ ಮ್ಯಾಲೇ ಹೊಡ್ದ, ಆಮ್ಯಾಲ ತಲಿಗಿ. ನಾ ಒದರಿದ್ರ ಮ್ಯಾಲ ನೋಡಿ, ‘ನಿಂದೇನದ ಮುದುಕಿ’ ಅಂದು ಮತ್ತ ಹೊಡ್ದ.”

ಇದನ್ನು ಫೋನಿನಲ್ಲಿ ತಿಳಿಸಿದಾಗ ನೀವೆಂದಿರಿ: “ಅದು ಕಂಪ್ಯೂಟರ್ ತಪ್ಪು ಅದ ತಮ್ಮಾ, ಮುಚ್ಚಿದ್ದು ಮುಚ್ಚಿದಂಗೇ ಇರ್ಲಿ. ಸಂಜು ನಿನ್ನ ತೊಡಿ ಮ್ಯಾಲ ಆಡ್ಯಾನ.” ಆಡಿದ್ದಾನೆ. ಅದನ್ನು ಮರೆತಿಲ್ಲ.

ಮುಂದೆ ಬರೆಯುವುದನ್ನು ಅತ್ತಿಗೆಯವರಿಗೆ ದಯವಿಟ್ಟು ನೀವೇ ತಿಳಿಸಿ. ಬೇರೆಯವರಿಂದ ಕೇಳುವುದು ಬೇಡ.

ನಾನು ಆ ಸಂದನ್ನು ಮತ್ತೆ ತೆರೆದಿದ್ದೇನೆ. ಮಾದರಿಯನ್ನು ಹಾಗೆಯೇ ನ್ಯಾಯಾಲಯಕ್ಕೆ ಒಪ್ಪಿಸಿ, ಅಲ್ಲಿಂದ ಕೋಣೆ ಕಾಣುತ್ತದೆಂದು ಸಾಕ್ಷಿ ಹೇಳುತ್ತೇನೆ.

ನಿಮ್ಮ ತಮ್ಮ,
ಧನರಾಜ