ಅವ್ವ ತಿಕ್ಕಿದ ಮುಖಪರದೆ

ಕೋಪರಿ, ಠಾಣೆ ಪೂರ್ವ
೧೫ ಅಕ್ಟೋಬರ್ ೧೯೯೭

ತಮ್ಮಾ ಯಂಕಣ್ಣ,

ಅಕ್ಕನ ಆಶೀರ್ವಾದ. ಹೇಗಿದ್ದೀ? ಅಲ್ಲಿ ಗುಡ್ಡದ ಮೇಲೆ ಚಳಿ ಶುರುವಾಗಿರಬೇಕು. ಕೆಮ್ಮು ಹೋಯಿತೋ ಇಲ್ಲವೋ ಬರಿ. ನಿಮ್ಮ ಸೈನ್ಯದ ಮೆಸ್ಸಿನ ರೊಟ್ಟಿ ಚರ್ಮದಂತಿರುತ್ತದೆ ಎಂದು ಪ್ರತಿ ಕಾಗದದಲ್ಲೂ ಗೊಣಗಬೇಡ, ಅದನ್ನು ಕೇಳಿದ ದಿನ ಅವ್ವ ತಾನೂ ಸರಿಯಾಗಿ ಉಣ್ಣುವುದಿಲ್ಲ. ನಾವು ಆರಾಮ. ಅವ್ವನ ಮೊಣಕಾಲು ನೋವು ಇದ್ದೇ ಇದೆ, ಬಾಯಿ ಮಾತ್ರ ಗಟ್ಟಿ.

ನಿನ್ನ ಜೊತೆಗಾರನ ಕಣ್ಣಿಗೆ ಹೆಲಿಕಾಪ್ಟರಿನ ಗಾಜಿನ ಚೂರು ಹೊಕ್ಕಿತೆಂದು ನೀನು ಬರೆದಂದಿನಿಂದ ಅವ್ವ ಹಿಡಿದ ಹಟ ನಿನಗೇ ಗೊತ್ತು. ಟೆಲಿಫೋನ್ ಬೂತಿನಲ್ಲಿ ನಿಂತು, "ನನ್ನ ತಲಿ ಮ್ಯಾಲೆ ಆಣಿ ಮಾಡು, ಹಾರೋ ಕೆಲಸ ಬಿಡ್ತೀನಂತ" ಎಂದು ನಿನ್ನಿಂದ ಮಾತು ತೆಗೆದುಕೊಂಡಳು. ಹಾರುವ ತಂಡದಲ್ಲೇ ಇರುತ್ತೀಯೋ, ಕೆಳಗಿನ ಕೆಲಸಕ್ಕೆ ಹೋಗುತ್ತೀಯೋ ಎಂದು ಈ ತಿಂಗಳ ಕೊನೆಗೆ ನೀನು ಬರೆದುಕೊಡಬೇಕು. ಹಾರದೆ ನೀನು ಹೇಗಿರುತ್ತೀ ಎಂಬುದು ನನಗೆ ಗೊತ್ತಿಲ್ಲವೇ? ಈ ಹುಡುಗನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ ಎಂದು ಅಪ್ಪನೇ ಹೇಳುತ್ತಿದ್ದ.

ಈಗ ಕೇಳು. ಐರೋಲಿಯ ಕಾರ್ಖಾನೆಯಲ್ಲಿ ನಾನು ಒಳಮೆತ್ತೆ ಹೊಲಿಯುವುದು ನಿಮ್ಮಂಥವರ ತಲೆಗೇ ಹೋಗುವ ಹೆಲ್ಮೆಟ್ಟಿಗೆ. ಅದರ ಮುಂದೆ ಮುಖದ ತುಂಬ ಇಳಿಯುವ ಗಾಜಿನಂಥ ಪರದೆ ಇರುತ್ತದೆ. ದಸರೆಯ ಖಂಡೇಪೂಜೆಗೆ, ಅದೇ ಆಯುಧಪೂಜೆಗೆ, ಮನೆಯವರನ್ನೂ ಒಳಗೆ ಬಿಡುತ್ತಾರೆಂದು ಅವ್ವನನ್ನು ಕರೆದುಕೊಂಡು ಹೋದೆ. ಒಂದು ಹೆಲ್ಮೆಟ್ಟು, ಒಂದು ಪರದೆ ಪೂಜೆಗೆಂದು ಮೇಜಿನ ಮೇಲಿದ್ದವು. ನಾನು ಹೂವು ಕಟ್ಟುವುದರಲ್ಲಿದ್ದೆ. ಅವ್ವ ಸುಮ್ಮನೆ ಕೂರುವವಳೇ? ಊರಲ್ಲಿ ಖಂಡೇಪೂಜೆಗೆ ಮುಂಚೆ ದೇವರ ಮುಖ, ಕುಡಗೋಲು ಎಲ್ಲ ತಿಕ್ಕಿ ಬೆಳಗುತ್ತಿದ್ದಳಲ್ಲ, ಹಾಗೆಯೇ ದೀಪ ತಿಕ್ಕಲು ತಂದಿದ್ದ ಹುಣಸೆಹಣ್ಣು, ಬೂದಿ ಹಿಡಿದು ನಲ್ಲಿಯ ಕೆಳಗೆ ಕುಳಿತು ಆ ಪರದೆಯನ್ನೂ ತಿಕ್ಕಿಬಿಟ್ಟಳು ತಮ್ಮಾ. "ಮಗನ ಮಾರಿ ಕಾಯೋದು, ಲಖಲಖ ಹೊಳೀಲಿ" ಅಂತ. ಮೇಲಿನ ಲೇಪವೆಲ್ಲ ಕಿತ್ತು, ಪರದೆ ಮಬ್ಬಾಗಿ ಹೋಯಿತು.

ಮೇಲ್ವಿಚಾರಕ ಸಂಕರ್ಷಣ ರಾಯರು, ಉಡುಪಿ ಕಡೆಯವರು, ತಲೆಯ ಮೇಲೆ ಕೈ ಹೊತ್ತು ನಿಂತರು. ಅವರ ಸಿಟ್ಟಿಗೆ ಅವ್ವ ಹೆದರಲಿಲ್ಲ. "ನನ್ನ ಕೈಯಾರ ನನ್ನ ಮಗನ ಕಣ್ಣಿಗೆ ಮಬ್ಬು ತಂದೆ" ಎಂದು ಅಳು. ಅಪಶಕುನವೆಂದೇ ಹಿಡಿದಳು. ಕೊನೆಗೆ ಅವರೇ ಕರಗಿ, "ಇದಿನ್ನು ಪರೀಕ್ಷೆಗೇ ಸೈ ಅಮ್ಮ. ಇವತ್ತು ಯಂತ್ರ ನಡೆಸುವ ಹಾಗಿಲ್ಲ. ಸೋಮವಾರ ಬನ್ನಿ, ನಿಮ್ಮ ಕಣ್ಣೆದುರೇ ಹೊಡೆದು ತೋರಿಸ್ತೇನೆ" ಎಂದರು.

ಸೋಮವಾರ ಹೋದೆವು. ದಪ್ಪ ಗಾಜಿನಾಚೆ ಜೇಡಿಮಣ್ಣಿನ ತಲೆ, ಅದಕ್ಕೆ ಹೆಲ್ಮೆಟ್ಟು, ಮುಖಕ್ಕೆ ಅದೇ ಪರದೆ. ಗಾಳಿಬಂದೂಕಿನಿಂದ ಉಕ್ಕಿನ ಚೂರು ಹಾರಿಸಿದರು. ಇಷ್ಟು ವರ್ಷ ಹೊಲಿದವಳು, ಇದನ್ನು ನಾನು ಎಂದೂ ನೋಡಿರಲಿಲ್ಲ. ಪರದೆಯ ಹೊರಗೆ ಒಂದು ಕುಳಿ, ಒಳಗೆ ಸಣ್ಣ ಉಬ್ಬು. ಚೂರು ಅಲ್ಲೇ ಕಚ್ಚಿಕೊಂಡಿತ್ತು. ಬೆರಳಿನಷ್ಟೂ ದಪ್ಪವಿಲ್ಲದ ಹಾಳೆ ಉಕ್ಕನ್ನು ಹಿಡಿದು ನಿಲ್ಲಿಸಿತ್ತು. ಮನುಷ್ಯರ ಬುದ್ಧಿ ಎಂಥದ್ದಪ್ಪ ಎಂದುಕೊಂಡೆ. ಅವ್ವ ಪರದೆಯನ್ನು ನೋಡಲೇ ಇಲ್ಲ. ಸೀದಾ ಹೋಗಿ ಆ ಮಣ್ಣಿನ ಕಣ್ಣು, ಮೂಗು, ಗಲ್ಲ ಸವರಿದಳು. ಒಂದು ಗೀರೂ ಇರಲಿಲ್ಲ. ಎರಡೂ ಕೈಯಿಂದ ದೃಷ್ಟಿ ತೆಗೆದು, ಕಿವಿಯ ಹತ್ತಿರ ನೆಟಿಕೆ ಮುರಿದುಕೊಂಡಳು. ಸಂಕರ್ಷಣ ರಾಯರು ಕನ್ನಡಕ ತೆಗೆದು ಒರೆಸುತ್ತ ನಿಂತಿದ್ದರು.

ಬರುವಾಗ ಬಸ್ಸಿನಲ್ಲಿ ಅವ್ವ, "ಹಾರಲಿ ಬಿಡು. ಆಣಿ ನಾ ವಾಪಸ್ ತಗೊಂಡೀನಿ. ಆದ್ರ ಆ ಪರದಿ ಮಾರಿ ಮ್ಯಾಲೆ ಇಳಿಸ್ಕೊಂಡೇ ಹಾರ್ಬೇಕು ಅಂತ ಬರಿ" ಎಂದಳು. ಬರೆದಿದ್ದೇನೆ. ಒಳಗೆ ಬೆವರುತ್ತದೆ ಎಂದು ಮೇಲೆತ್ತಿಕೊಂಡು ಕೂತೆಯೋ, ನಾನೇ ಅಲ್ಲಿಗೆ ಬಂದು ಕಪಾಳಕ್ಕೆ ಕೊಡುತ್ತೇನೆ.

ಅವ್ವ ನಿನ್ನ ತಲೆ ಸವರಿದ್ದಾಳೆ ಎಂದು ತಿಳಿ. ಕಣ್ಣಿಗೆ ಪೆಟ್ಟಾದ ಆ ಹುಡುಗನನ್ನು ಕೇಳಿದೆವೆಂದು ಹೇಳು.

ನಿನ್ನ ಅಕ್ಕ,
ಪುಷ್ಪಾವತಿ

ತಾ.ಕ.: ಅವ್ವನಿಗೆ ಕಾಗದ ಓದಿ ಹೇಳಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಗೇಟಿನ ಬಳಿ ಸಂಕರ್ಷಣ ರಾಯರು ನನ್ನೊಬ್ಬಳನ್ನೇ ನಿಲ್ಲಿಸಿ, "ಇದು ಚೂರನ್ನು ತಡೀತದೆ ಮಾರಾಯ್ತಿ, ನೇರ ಬಂದ ಗುಂಡನ್ನು ಅಲ್ಲ. ತಮ್ಮನಿಗೆ ಸುಳ್ಳು ಧೈರ್ಯ ಬೇಡ" ಎಂದರು. ಅವ್ವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಇಷ್ಟು ತಿಳಿದುಕೊಂಡು, ಏನು ಬರೆದುಕೊಡುತ್ತೀಯೋ ನೀನೇ ಬರೆದುಕೊಡು.