ಮುರಿದ ಸೂಜಿಯ ಇನ್ನೊಂದು ತುಂಡು

೧೪ ಮಾರ್ಚ್, ಗುರುವಾರ

ಗಿಣಿಗೆ,

ನಿನ್ನ ಮಾವ ಇಟ್ಟ ಈ ಹೆಸರಿನಿಂದ ಸೊಸೆಯಾದ ನಿನ್ನನ್ನು ನಾನು ಕರೆದದ್ದು ಇದೇ ಮೊದಲು. ಹುಬ್ಬೇರಿಸಬೇಡ. ನೀವಿಬ್ಬರೂ ಬೇರೆ ಮನೆ ಮಾಡಿ ನಾಲ್ಕು ತಿಂಗಳಾಯಿತು. ನೀನು ಎರಡು ಪತ್ರ ಹಾಕಿದೆ, ನಾನು ಒಂದಕ್ಕೂ ಉತ್ತರಿಸಲಿಲ್ಲ. ಪುರುಸೊತ್ತಿರಲಿಲ್ಲ ಎಂದು ಬರೆದು ಆ ಹಾಳೆಯನ್ನು ಹರಿದುಹಾಕಿದೆ. ಪುರುಸೊತ್ತಿತ್ತು. ಮುಖವಿರಲಿಲ್ಲ.

ನಾವು ಕ್ಷೇಮ. ಮಾವನ ಸಕ್ಕರೆ ಹತೋಟಿಗೆ ಬಂದಿದೆ. ಕಾಲಿನ ಹೆಬ್ಬೆರಳು ತೆಗೆದ ಜಾಗ ಪೂರ್ತಿ ಮಾಗಿದೆ. ಊರುಗೋಲು ಹಿಡಿದು ಹೊಲಿಗೆ ಕೋಣೆಗೆ ಬಂದು, ಬಟ್ಟೆ ಕತ್ತರಿಸುವ ಮೇಜಿನ ಹತ್ತಿರ ಕುಳಿತು ಕೆಲಸದವರನ್ನು ನಗಿಸುತ್ತಾರೆ. "ಇನ್ನು ಒಂಬತ್ತು ಉಗುರು ಕತ್ತರಿಸಿದ್ರೆ ಸಾಕು, ಹತ್ತನೇದಕ್ಕೆ ಖಾಯಂ ರಜಾ" ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಾನು ಮಿಷನ್ ಜೋರಾಗಿ ತುಳಿಯುತ್ತೇನೆ.

ನೀನು ಮಾಡುತ್ತಿದ್ದ ಕೆಲಸ ಈಗ ನನ್ನದು. ಸಂಜೆ ಮಿಷನ್‌ಗಳಿಗೆ ಮುಸುಕು ಹಾಕಿದ ಮೇಲೆ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು. ಮೊದಲ ದಿನ ಅವರ ಕಾಲನ್ನೇ ಅದ್ದಿ "ಬಿಸಿ ಆಯ್ತಾ?" ಎಂದು ಕೇಳಿದೆ. ಪಟ್ಟಿ ಕಟ್ಟಲು ಬಂದಿದ್ದ ನರ್ಸ್ ಗದರಿದಳು: "ಅಮ್ಮಾ, ಆ ಕಾಲನ್ನ ಕೇಳಿದ್ರೆ ಅದೇನು ಹೇಳುತ್ತೆ? ನಿಮ್ಮ ಮೊಣಕೈ ಅದ್ದಿ ನೋಡಿ. ಅವರಿಗೆ ಗೊತ್ತಾಗದ ನೋವು ಇನ್ಮೇಲೆ ನಿಮ್ಮ ಕಣ್ಣಿಗೆ ಕಾಣ್ಬೇಕು." ನನ್ನನ್ನು ಗದರಿದವರು ಈ ಮನೆಯಲ್ಲಿ ಯಾರಿದ್ದಾರೆ? ಆದರೂ ಮೊಣಕೈ ಅದ್ದಿದೆ.

ಬೆರಳ ಸಂದಿಗಳನ್ನು ಒರೆಸಿ ಒಣಗಿಸುತ್ತೇನೆ. ಅಂಗಾಲಿಗೆ ಕ್ರೀಮ್ ಹಚ್ಚುತ್ತೇನೆ, ಸಂದಿಗೆ ಹಚ್ಚುವುದಿಲ್ಲ. ನೀನು ಬಿಟ್ಟುಹೋದ ಕೈಗನ್ನಡಿ ಹಿಡಿದು ಹಿಮ್ಮಡಿ ನೋಡುತ್ತೇನೆ. ಬಿಳಿ ಕಾಲುಚೀಲ ಯಾಕೆ, ಬೇಗ ಕೊಳೆಯಾಗುತ್ತೆ ಎಂದು ನಿನ್ನ ಮೇಲೆ ರೇಗಿದ್ದೆ. ರಕ್ತದ ಚುಕ್ಕೆ ಕಾಣಲಿ ಎಂದು ಬಿಳಿ. ಈಗ ತಿಳಿಯಿತು.

ನೀನು ಅವರಿಗೆ ಮನೆಯೊಳಗೆ ಹಾಕಲು ಮೆತ್ತನೆಯ ಚಪ್ಪಲಿ ತಂದಾಗ ಹೊಸ್ತಿಲಾಚೆ ಎಸೆದವಳು ನಾನು. "ಗಿರಾಕಿಗಳ ಬಟ್ಟೆ ನೆಲದ ಮೇಲೆ ಹರಡಿರುತ್ತೆ. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಯಾರೂ ಚಪ್ಪಲಿ ಮೆಟ್ಟಿಲ್ಲ, ನಿನ್ನ ಮಾವನೂ ಮೆಟ್ಟಲ್ಲ" ಅಂದೆ. ನೀನು "ಅತ್ತೆ, ಬಟ್ಟೆಗೆ ಕೊಳೆಯಾದ್ರೆ ಒಗೀಬಹುದು" ಅಂದೆ. ಎದುರುತ್ತರ ಎಂದುಕೊಂಡೆ. ಆಮೇಲೆ ಪರದೆಗಳ ಆರ್ಡರ್ ಬಂದ ವಾರ, ನೀನು ಬೋಗುಣಿ ಹಿಡಿದು ಎದ್ದಾಗಲೆಲ್ಲ "ಕಾಲು ಎಲ್ಲೂ ಓಡಿಹೋಗಲ್ಲ, ಕೂತು ಹೊಲಿ" ಎಂದು ನಾನು ನಿನ್ನನ್ನು ಐದು ದಿನ ಕೂರಿಸಿದೆ. ಆರನೆಯ ದಿನ ಮಾವನ ಪಾದಕ್ಕೆ ಕೀವುರಕ್ತದಿಂದ ಅಂಟಿಕೊಂಡಿದ್ದ ಕಾಲುಚೀಲ ಬಿಡಿಸಿದವಳೂ ನೀನೇ.

ಆಸ್ಪತ್ರೆಯಲ್ಲಿ ಡಾಕ್ಟರು ಹೆಬ್ಬೆರಳ ಬುಡದಿಂದ ಮುರಿದ ಸೂಜಿಯ ತುದಿ ತೆಗೆದು ತಟ್ಟೆಯಲ್ಲಿಟ್ಟು ತೋರಿಸಿದರಲ್ಲ, ಆಗ ಎಲ್ಲರೆದುರಿಗೆ ನಾನಾಡಿದ್ದು ಅಕ್ಷರಶಃ ನೆನಪಿದೆ: "ದಪ್ಪ ಬಟ್ಟೆ ಹೊಲಿಯೋಳು ಇವಳು, ದಿನಕ್ಕೊಂದು ಸೂಜಿ ಮುರಿಯೋಳು ಇವಳು. ಕಾಲು ನಾನೇ ನೋಡ್ಕೋತೀನಿ ಅಂತ ಮೆರೆದೋಳೂ ಇವಳೇ." ನಮ್ಮ ಕೋಣೆಯ ನಿಯಮ ನಿನಗೆ ಗೊತ್ತು. ಸೂಜಿ ಮುರಿದರೆ ಎರಡೂ ತುಂಡು ನನ್ನ ಡಬ್ಬಿಗೆ ಬರಬೇಕು, ತುದಿ ಸಿಗುವವರೆಗೆ ಯಾರೂ ಏಳುವಂತಿಲ್ಲ. ನೀನು ಒಂದು ದಿನವೂ ತಪ್ಪಿದವಳಲ್ಲ. ಆದರೂ ನಾನು ಹಾಗೆ ಅಂದೆ. ಮನೆಯಲ್ಲಿ ಮಾತು ನಿಂತುಹೋಯಿತು, ಮಗ ಬೇರೆ ಮನೆ ಹುಡುಕಿದ.

ಆ ಚಪ್ಪಲಿ ಈಗ ಮಾವನ ಕಾಲಲ್ಲಿದೆ. ಹಾಕುವ ಮುಂಚೆ ಕೊಡವಿ, ಒಳಗೆ ಕೈಯಾಡಿಸಿ ಕೊಡುತ್ತೇನೆ. ಕೆಲಸದವರು ಬಗ್ಗಿ ನೋಡುತ್ತಾರೆ, ನೋಡಲಿ. ನಿನ್ನ ಮಿಷನ್‌ಗೆ ಬೇರೆಯವರನ್ನು ಕೂರಿಸಿಲ್ಲ. ಬಾ ಎಂದು ಹೇಳುವ ಅಧಿಕಾರ ನನಗಿಲ್ಲ. ಬಾಗಿಲು ತೆರೆದಿದೆ ಎಂದಷ್ಟೇ ಬರೆಯುತ್ತೇನೆ. ಇಬ್ಬರೂ ಹೊತ್ತಿಗೆ ಸರಿಯಾಗಿ ಊಟ ಮಾಡಿ, ತಣ್ಣಗೆ ಬಾಳಿ.

ನಿನ್ನ ಅತ್ತೆ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಆ ಸೂಜಿ ನನ್ನದು. ಪರದೆಯ ಅಂಚು ಹೊಲಿಯುವಾಗ ಮುರಿಯಿತು. ಕೂತಲ್ಲಿಂದಲೇ ಕಣ್ಣಾಡಿಸಿದೆ, ತುದಿ ಕಾಣಲಿಲ್ಲ. ಎಲ್ಲರನ್ನೂ ನಿಲ್ಲಿಸಿ "ನನ್ನ ಸೂಜಿ ಮುರಿದಿದೆ, ಹುಡುಕಿ" ಎನ್ನಲು ನಾಲಿಗೆ ಏಳಲಿಲ್ಲ. ಬುಡದ ತುಂಡನ್ನು ಅಳತೆ ಪುಸ್ತಕದೊಳಗೆ ಸೇರಿಸಿ, ಎದ್ದು ಹೋದೆ.

ನಿನ್ನ ಮಿಷನ್‌ಗೆ ಹದಿನೆಂಟನೇ ನಂಬರಿನ ದಪ್ಪ ಸೂಜಿ, ನನ್ನದಕ್ಕೆ ಹನ್ನೊಂದರ ಸಣ್ಣದು. ತಟ್ಟೆಯಲ್ಲಿದ್ದದ್ದು ಸಣ್ಣದು. ನೀನು ಅದನ್ನು ನೋಡಿದೆ, ತಲೆಯೆತ್ತಿ ನನ್ನನ್ನು ನೋಡಿದೆ. ನಿನಗೆ ಆಗಲೇ ಗೊತ್ತಾಗಿತ್ತು. ಮೊನ್ನೆ ಅಪ್ಪನನ್ನು ನೋಡಲು ಬಂದ ನನ್ನ ಮಗ ಹೊರಡುವಾಗ ಬಾಗಿಲಲ್ಲಿ ನಿಂತು "ಅವಳನ್ನ ಕ್ಷಮಿಸಿಬಿಡಮ್ಮ" ಅಂದ. ಗಂಡನಿಗೂ ನೀನು ಹೇಳಿಲ್ಲ.

ಇವತ್ತು ಸಂಜೆ ಕಾಲು ತೊಳೆಯುವಾಗ ಮಾವನಿಗೆ ಹೇಳಿದೆ. ಅವರು ತಮಾಷೆ ಮಾಡಲಿಲ್ಲ. ಕಾಲನ್ನು ನನ್ನ ಮಡಿಲಿನಿಂದ ತೆಗೆಯಲೂ ಇಲ್ಲ. ನಾಳೆ ಕೋಣೆಯಲ್ಲಿ ಎಲ್ಲರೆದುರಿಗೆ ಹೇಳುತ್ತೇನೆ. ಬುಡದ ತುಂಡನ್ನು ಬಟ್ಟೆಚೂರಿಗೆ ಚುಚ್ಚಿ ಇದರೊಳಗೆ ಇಟ್ಟಿದ್ದೇನೆ, ಅದು ನಿನ್ನ ಹತ್ತಿರವೇ ಇರಲಿ. ಬಿಡಿಸುವಾಗ ಬೆರಳು ಜೋಪಾನ.